ಪೆಡಲಿನಿಂದ ಕಾಲು ತೆಗಿ, ತಮ್ಮಾ

ಮೊನ್ನೆ ಭಾನುವಾರ ನಿಮ್ಮ ಪ್ರಾಕ್ಟೀಸ್ ನೋಡೋದಕ್ಕೆಂದೇ ಹರಿಹರದಿಂದ ದಾವಣಗೆರೆಗೆ ಬಸ್ ಹತ್ತಿ ಬಂದೆ. ಎರಡು ಗಂಟೆ ಕೂತು, ನೀನು ತರಿಸಿದ ನರ್ಗಿಸ್ ಮಂಡಕ್ಕಿ ತಿಂದು, ಒಂದು ಮಾತೂ ಆಡದೆ ಎದ್ದು ಹೋದೆ ಎಂದು ನಿನಗೆ ಬೇಜಾರಾಗಿದೆಯಂತೆ. ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ನಿನ್ನ ಜೊತೆಯ ಹುಡುಗರಿಬ್ಬರೂ ಅಲ್ಲೇ ಇದ್ದರಪ್ಪ. ಮೇಳದವರ ಎದುರಿಗೆ ಹಾರ್ಮೋನಿಯಂ ಪೇಟಿ ಮಾಸ್ತರನ್ನು ತಿದ್ದಬಾರದು. ತಿದ್ದಿದರೆ ಅವತ್ತಿನ ರಾತ್ರಿಯ ನಾಟಕ ಕೆಟ್ಟಿತು ಅಂತಲೇ ಲೆಕ್ಕ. ನಾಟಕ ಕಂಪನಿಯಲ್ಲಿ ನಾನು ಮೊದಲು ಕಲಿತದ್ದೇ ಇದು. ಹಾಗಾಗಿ ಬರೆದು ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು 'ಹ್ಞೂಂ ಅಜ್ಜ, ಹ್ಞೂಂ ಅಜ್ಜ' ಅನ್ನುತ್ತಲೇ ಇರುತ್ತೀ, ಇನ್ನೊಂದು ಕೈಯಲ್ಲಿ ಏನೋ ಒತ್ತುತ್ತಿರುತ್ತೀ.

ಬರುವ ಶನಿವಾರ ಬೆಂಗಳೂರಿನ ಆ ಸಣ್ಣ ಕ್ಲಬ್ಬಿನಲ್ಲಿ ನಿಮಗೆ 45 ನಿಮಿಷ ಕೊಟ್ಟಿದ್ದಾರೆ. ಎಪ್ಪತ್ತೆಂಬತ್ತು ಜನ ಹಿಡಿಯುವ ಜಾಗ. ಕೀಬೋರ್ಡ್ ನೀನು, ಬೇಸ್ ಗಿಟಾರ್ ಒಬ್ಬ, ಡ್ರಮ್ಸ್ ಒಬ್ಬ. ಹಾಡುವವನೂ ನೀನೇ. ಲೀಡ್ ಗಿಟಾರ್ ಇಲ್ಲ. ಎಂಟು ಹಾಡು, ಎಂಟೂ ನೀವೇ ಕಟ್ಟಿದ್ದು, ಎಂಟೂ ಕನ್ನಡದ್ದು. ಇದನ್ನೆಲ್ಲ ಕೇಳಿ ನನಗೆ ಬಹಳ ಖುಷಿಯಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬೈಗುಳವೇ ಜಾಸ್ತಿ.

ಗಿಟಾರ್ ಇಲ್ಲದೆ ಅದೆಂಥಾ ರಾಕ್ ಅಂತ ಯಾರೋ ನಗಾಡಿದರಂತಲ್ಲ, ಅದಕ್ಕೆ ನೀನು ನನಗೊಂದು ವಿಡಿಯೊ ತೋರಿಸಿದೆ. ಬೆನ್ ಫೋಲ್ಡ್ಸ್ ಫೈವ್. 1993ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್ ಎಂಬ ಊರಿನಲ್ಲಿ ಕಟ್ಟಿದ ಮೇಳ. ಹೆಸರಿನಲ್ಲಿ ಐವರು, ಇದ್ದದ್ದು ಮೂವರು. ಪಿಯಾನೊ, ಬೇಸ್, ಡ್ರಮ್ಸ್, ಅಷ್ಟೇ. ಅವರ ಕುಣಿತ ಕುಪ್ಪಳಿತ ನನಗೆ ತಲೆಗೆ ಹತ್ತಲಿಲ್ಲ. ಶುರುವಿನ ವರ್ಷಗಳಲ್ಲಿ ಆ ಹುಡುಗರು ನಿಜವಾದ ಪಿಯಾನೊವನ್ನೇ ಊರೂರಿಗೆ ಹೊತ್ತು ತಿರುಗಿದರು, ತಾವೇ ಹತ್ತಿಸಿ ತಾವೇ ಇಳಿಸುತ್ತಿದ್ದರು ಎಂದೆಯಲ್ಲ, ಆ ಮಾತು ಮಾತ್ರ ಎದೆಗೆ ತಾಗಿತು. ನಮ್ಮ ಕಾಲು ಹಾರ್ಮೋನಿಯಂ ನೆನಪಾಯಿತು. ಕ್ಯಾಂಪು ಎದ್ದಾಗ ಲಾರಿಗೆ ಅದು ಎಲ್ಲಕ್ಕಿಂತ ಕೊನೆಗೆ ಹತ್ತಬೇಕು, ಹೊಸ ಊರಿನಲ್ಲಿ ಎಲ್ಲಕ್ಕಿಂತ ಮೊದಲು ಇಳಿಯಬೇಕು. ಪರದೆ, ಸೀನರಿ, ಸಿಂಹಾಸನ ಎಲ್ಲವನ್ನೂ ಹಮಾಲರು ಮುಟ್ಟಬಹುದು, ಪೇಟಿಯನ್ನು ಮಾತ್ರ ನಾನೇ ಹಿಡಿಯಬೇಕು. ಸೊಂಟ ಹಿಡಿದದ್ದು ಆಗಲೇ.

ನಿನಗೆ ನನ್ನ ಕಥೆ ಸರಿಯಾಗಿ ಗೊತ್ತಿಲ್ಲ. ನೀನು ಹುಟ್ಟುವ ಹೊತ್ತಿಗೆ ನಾನು ಪೇಟಿಯ ಮುಚ್ಚಳ ಹಾಕಿದ್ದೆ. 1966ರಲ್ಲಿ, ಹದಿನೇಳನೆಯ ವಯಸ್ಸಿಗೆ ನಾಟಕ ಕಂಪನಿ ಸೇರಿದವನು ನಾನು. ದಾವಣಗೆರೆ ಎಂದರೆ ಹತ್ತಿ ಗಿರಣಿ ಎಷ್ಟೋ ನಾಟಕವೂ ಅಷ್ಟೇ ಎನ್ನುವ ಕಾಲ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇದೇ ಊರಿನದು. ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂದಾಗ ನಮ್ಮಂಥ ಸಣ್ಣ ಕಂಪನಿಗಳವರೂ ನಮಗೇ ಬಂತು ಎಂಬಂತೆ ಪೇಡೆ ಹಂಚಿದೆವು. ಆಮೇಲೆ ಅದೇ ಮನೆಯವರು 1995ರಲ್ಲಿ ಗದಗಿನ ಪಂಚಾಕ್ಷರಿ ಗವಾಯಿಗಳ ಮೇಲೆ ಸಿನಿಮಾ ಮಾಡಿದರು, ಅದರ ಸಂಗೀತಕ್ಕೆ ಹಂಸಲೇಖ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನನ್ನ ಗುರುಗಳೂ ಆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರೇ. ಕಣ್ಣಿರಲಿಲ್ಲ. ಹೊಸ ಊರಿನ ಥಿಯೇಟರಿಗೆ ಕಾಲಿಟ್ಟ ಕೂಡಲೇ ಒಂದೇ ಒಂದು ಚಪ್ಪಾಳೆ ಹೊಡೆಯುತ್ತಿದ್ದರು. ತಲೆ ಓರೆ ಮಾಡಿ ಕೇಳಿ, 'ತಗಡು ಮೇಲೆ ಬಹಳ ಎತ್ತರ ಐತಿ, ಬಲಕ್ಕೆ ಗೋಡೆ ಇಲ್ಲ, ಇವತ್ತು ನಿಧಾನ ಬಾರಿಸು' ಅನ್ನುತ್ತಿದ್ದರು. ಎಲ್ಲಾ ಸಲವೂ ಸರಿಯಾಗಿರುತ್ತಿತ್ತು ಅನ್ನೋದಿಲ್ಲ, ಒಮ್ಮೆ ಬಲಕ್ಕೆ ಗೋಡೆಯೇ ಇತ್ತು.

ಶನಿವಾರ ಸಂಜೆ ಕ್ಲಬ್ಬಿಗೆ ಹೋದಾಗ ನೀನೂ ಅದನ್ನೇ ಮಾಡು. ಸೌಂಡ್ ಚೆಕ್ಕಿಗೆ ಮೊದಲು, ಯಾರೂ ಇಲ್ಲದಾಗ, ನಡುವೆ ನಿಂತು ಒಂದು ಚಪ್ಪಾಳೆ. ಖಾಲಿ ಕೋಣೆ ಗುಂಯ್ ಅಂದರೆ ಹೆದರಬೇಡ, ಜನ ತುಂಬಿದ ಮೇಲೆ ಅವರ ಮೈ, ಬಟ್ಟೆ ಎಲ್ಲ ಸೇರಿ ಅರ್ಧ ಗದ್ದಲ ಹೀರಿಕೊಳ್ಳುತ್ತದೆ. ಖಾಲಿ ಇದ್ದಾಗ ಚೆಂದ ಕೇಳಿದ್ದು ತುಂಬಿದಾಗ ಮಂಕಾಗುತ್ತದೆ, ಅದಕ್ಕೂ ಹೆದರಬೇಡ. ಮಿಕ್ಸರ್ ಮುಂದೆ ಕೂತ ಹುಡುಗನನ್ನು ಮಾತ್ರ 'ಅಣ್ಣಾ' ಅಂತ ಕರೆದು, ಹೆಸರು ಕೇಳಿ, ಒಂದು ಟೀ ಕುಡಿಸು. ಆ 45 ನಿಮಿಷ ನಿನ್ನ ಧಣಿ ಅವನೇ.

ಈಗ ಅಸಲು ಮಾತು. ಮಂಡಿಪೇಟೆಯ ಆ ಗೋದಾಮಿನಲ್ಲಿ ನಾನು ಮೆಕ್ಕೆಜೋಳದ ಚೀಲದ ಮೇಲೆ ಕೂತಿದ್ದೆನಲ್ಲ, ಅಲ್ಲಿಂದ ನಿನ್ನ ಕೈ ಕಾಣುತ್ತಿರಲಿಲ್ಲ, ಕಾಲು ಕಾಣುತ್ತಿತ್ತು. ಎರಡು ಗಂಟೆಯಲ್ಲಿ ನಿನ್ನ ಬಲಗಾಲು ಪೆಡಲಿನಿಂದ ಎದ್ದದ್ದು ಎಷ್ಟು ಸಲ ಗೊತ್ತೇ? ನೀರು ಕುಡಿಯಲು ಹೋದಾಗ ಒಮ್ಮೆ, ಫೋನ್ ಬಂದಾಗ ಒಮ್ಮೆ.

ನನ್ನ ಹಾರ್ಮೋನಿಯಮ್ಮಿಗೂ ಪೆಡಲ್ ಇತ್ತು. ಎರಡು ಕಾಲಲ್ಲೂ ತುಳಿಯಬೇಕು, ತಿದಿ ತುಂಬಬೇಕು. ತುಳಿಯೋದು ನಿಲ್ಲಿಸಿದರೆ ಸ್ವರ ಅಲ್ಲೇ ನಿಂತುಹೋಗುತ್ತದೆ. ನಿನ್ನ ಪೆಡಲಿನದು ಬೇರೆಯೇ ಕೆಲಸ. ಸ್ವರದ ಮನೆಯಿಂದ ಬೆರಳು ಎತ್ತಿದರೂ ಸ್ವರ ಹೋಗದ ಹಾಗೆ ಹಿಡಿದಿಡುವುದು. ಹೆಸರು ಒಂದೇ, ಕಾಯಕ ಪೂರಾ ಉಲ್ಟಾ. ನಾನು ಕಾಲು ಆಡಿಸಿದ್ದು ನಾದ ಹುಟ್ಟಲಿ ಎಂದು. ನೀನು ಕಾಲು ಇಟ್ಟಿರುವುದು ಅದು ಸಾಯದಿರಲಿ ಎಂದು. ಆದರೆ ಪಿಯಾನೊ ಎಂಬ ವಾದ್ಯದ ಸೊಗಸೇ ಅದು ಸಾಯುವುದರಲ್ಲಿದೆ ಕಣೋ.

ಇದು ಪುಸ್ತಕದಲ್ಲಿ ಓದಿದ್ದಲ್ಲ. ಹುಬ್ಬಳ್ಳಿ ಕ್ಯಾಂಪಿನಲ್ಲಿದ್ದಾಗ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಆಂಗ್ಲೋ ಇಂಡಿಯನ್ ಅಜ್ಜಿ ನಮ್ಮ ನಾಟಕಕ್ಕೆ ಬಂದಿದ್ದರು. ಭಾಷೆ ಅರ್ಧಂಬರ್ಧ. ನಾಟಕ ಮುಗಿದ ಮೇಲೆ ಪಿಟ್ಟಿನ ಹತ್ತಿರ ಬಂದು ನನ್ನ ಕಾಲನ್ನೇ ನೋಡುತ್ತಾ ನಿಂತರು. ಮರುದಿನ ಮನೆಗೆ ಕರೆದರು. ಅಲ್ಲೊಂದು ಗೋಡೆಗೆ ಆನಿಸಿಟ್ಟ ಹಳೇ ಪಿಯಾನೊ. ನಾನು ಕೂತವನೇ ಒಂದು ರಂಗಗೀತೆ ಶುರು ಮಾಡಿದೆ. ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದರು. ಒಂದೇ ಮನೆ ಒತ್ತು, ಒತ್ತಿ ಹಿಡಿ, ಅದು ಪೂರ್ತಿ ಹೋಗುವವರೆಗೆ ಏನೂ ಮಾಡಬೇಡ ಎಂದು ಸನ್ನೆ ಮಾಡಿದರು. ಒತ್ತಿದೆ. ಒಳಗೆ ಸುತ್ತಿಗೆ ತಂತಿಗೆ ಬಡಿದ ಸದ್ದು, ಹಿಂದೆಯೇ ಸ್ವರ. ಹುಟ್ಟಿದ ಗಳಿಗೆಯಿಂದಲೇ ಇಳಿಯತೊಡಗಿತು. ಹೊರಗೆ ಶಂಟಿಂಗ್ ಇಂಜಿನ್ ಸದ್ದು, ಅಡುಗೆಮನೆಯಲ್ಲಿ ಪಾತ್ರೆ ಸದ್ದು, ಅವುಗಳ ನಡುವೆ ಅದು ಸಣ್ಣದಾಗುತ್ತಾ ಆಗುತ್ತಾ, ಇದೆಯೋ ಇಲ್ಲವೋ ಎನ್ನುವಂತಾಗಿ, ಯಾವಾಗ ಹೋಯಿತು ಎಂದು ಹೇಳಲಾಗದ ಹಾಗೆ ಹೋಯಿತು. ಎಡಗಡೆಯ ದಪ್ಪ ಸ್ವರಗಳು ಬಹಳ ಹೊತ್ತು ಬಾಳುತ್ತವೆ, ಬಲಗಡೆಯ ತುದಿಯವು ಚಿಟಿಕೆಯಂತೆ ಬಂದು ಹೋಗುತ್ತವೆ. ಅರ್ಧ ಗಂಟೆ ಅಷ್ಟೇ ಮಾಡಿದೆವು. ಹಾಡು ಬಾರಿಸಲೇ ಇಲ್ಲ.

ಇಡೀ ಆಯಸ್ಸು ಸ್ವರವನ್ನು ಬೇಕಾದಷ್ಟು ಎಳೆದವನು ನಾನು. ಅವತ್ತು ರಾತ್ರಿ ನಾಟಕದಲ್ಲಿ ಮೊದಲ ಸಲ, ಹಾಡಿನ ನಡುವೆ ಕೈ ಎತ್ತಿದೆ. ಎರಡು ಮಾತ್ರೆ ಅಷ್ಟೇ. ತಬಲಾದವನು ಬೆಚ್ಚಿಬಿದ್ದು ನನ್ನ ಕಡೆ ನೋಡಿದ. ಆ ಎರಡು ಮಾತ್ರೆಯಲ್ಲಿ ಹಾಡುವವಳ ಉಸಿರು ಕೇಳಿಸಿತು, ಟೆಂಟಿನ ಹಿಂದಿನ ಸಾಲಿನಲ್ಲಿ ಶೇಂಗಾ ಸುಲಿಯುತ್ತಿದ್ದವರು ನಿಲ್ಲಿಸಿದರು.

ನಿನ್ನ ಹಾಡುಗಳಲ್ಲಿ ಆ ಎರಡು ಮಾತ್ರೆ ಎಲ್ಲಿದೆ? ಪೆಡಲ್ ಒತ್ತಿಯೇ ಇರುವುದರಿಂದ ಹಿಂದಿನ ಸ್ವರ ಮುಂದಿನದರ ಮೇಲೆ, ಅದು ಅದರ ಮುಂದಿನದರ ಮೇಲೆ ಬಿದ್ದು ಗೊಜ್ಜಾಗುತ್ತದೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡಾಗ ಅದು ಬಲು ಇಂಪು. ಎಂಬತ್ತು ಜನರ ಕೋಣೆಯಲ್ಲಿ, ಪಕ್ಕದಲ್ಲೇ ಡ್ರಮ್ಸ್ ಇರುವಾಗ ಬರೀ ಹೊಗೆ.

ಕಾಲೇಜ್ ಡೇ ದಿವಸ ಆದದ್ದು ನೆನಪಿದೆಯೇ? ಕೀಬೋರ್ಡ್ ಸ್ವಿಚ್ ಹಾಕುವಾಗ ನಿನ್ನ ಕಾಲು ಆಗಲೇ ಪೆಡಲ್ ಮೇಲಿತ್ತು. ಆ ಯಂತ್ರ ಆನ್ ಆಗುವಾಗಿನ ಸ್ಥಿತಿಯನ್ನೇ ಸರಿ ಎಂದುಕೊಳ್ಳುತ್ತದೆ. ಹಾಗಾಗಿ ಎಲ್ಲ ಉಲ್ಟಾ: ಕಾಲಿಟ್ಟರೆ ಕಡಿಯುತ್ತಿತ್ತು, ತೆಗೆದರೆ ಹರಿಯುತ್ತಿತ್ತು. ನೀನು ಗಾಬರಿ ಬಿದ್ದು ವೈರ್ ಕಿತ್ತೇ ಎಸೆದೆ. ಆಮೇಲೆ ಬಾರಿಸಿದ ಹಾಡು, ಆ ಹೊಳೆ ದಂಡೆಯ ಹಾಡು, ನಾನು ಕೇಳಿದ ನಿನ್ನ ಹಾಡುಗಳಲ್ಲೆಲ್ಲಾ ಚಲೋ ಇತ್ತು. ನೀನು ಮಾತ್ರ ಅವತ್ತು ರಾತ್ರಿ ಊಟ ಮಾಡಲಿಲ್ಲ, ಮಾನ ಹೋಯಿತು ಎಂದು.

ಇನ್ನು ನಿನ್ನ ಎಡಗೈ. ಬೇಸ್ ಗಿಟಾರಿನ ಹುಡುಗ ಪಾಪದವನು, ಮಾತಾಡುವುದಿಲ್ಲ, ಆದರೆ ನಿನ್ನ ಎಡಗೈ ಅವನ ಹೊಲಕ್ಕೆ ದನ ಬಿಟ್ಟ ಹಾಗೆ ನುಗ್ಗುತ್ತದೆ. ಅವನು ಬಾರಿಸುವ ಮಂದ್ರವನ್ನೇ ನೀನೂ ಬಾರಿಸುತ್ತೀ. ಇಬ್ಬರದೂ ಒಂದೇ ಜಾಗದ ಸ್ವರ ಆದಾಗ ಯಾರದೂ ಕೇಳುವುದಿಲ್ಲ. ಸಣ್ಣ ಕೋಣೆಯಲ್ಲಿ ದಪ್ಪ ಸ್ವರಗಳು ಮೂಲೆ ಹಿಡಿದು ಕೂರುತ್ತವೆ, ಹೊರಗೆ ಹೋಗುವುದಿಲ್ಲ. ಒಬ್ಬಂಟಿಯಾಗಿ ಮನೆಯಲ್ಲಿ ಕಲಿತವರೆಲ್ಲರ ರೋಗ ಇದು: ಎಲ್ಲ ಕೆಲಸವನ್ನೂ ಹತ್ತು ಬೆರಳಲ್ಲೇ ಮಾಡಿಬಿಡೋಣ ಎನ್ನುವುದು. ಆ ಅಮೆರಿಕದ ಮೇಳದಲ್ಲಿ ಬೇಸ್ ಬಾರಿಸುವ ರಾಬರ್ಟ್ ಸ್ಲೆಡ್ಜ್ ಎಂಬವನನ್ನು ಗಮನಿಸು. ಬೇಸನ್ನೇ ಕರ್ಕಶ ಮಾಡಿ, ಇಲ್ಲದ ಗಿಟಾರಿನ ಜಾಗವನ್ನು ಅವನೇ ತುಂಬುತ್ತಾನೆ. ಪಿಯಾನೊದವನು ಜಾಗ ಬಿಟ್ಟದ್ದಕ್ಕೇ ತುಂಬಲು ಆಯಿತು. ಒಂದು ಪ್ರಾಕ್ಟೀಸ್ ಪೂರ್ತಿ ಎಡಗೈಯನ್ನು ತೊಡೆ ಕೆಳಗೆ ಹಾಕಿಕೊಂಡು ಕೂತು ಬಾರಿಸು. ಎಂಟು ಹಾಡಿನಲ್ಲಿ ಎಷ್ಟು ಕಡೆ ಎಡಗೈ ನಿಜವಾಗಿ ಬೇಕೆನಿಸುತ್ತದೋ ಅಷ್ಟು ಕಡೆ ಮಾತ್ರ ಹೊರಗೆ ತೆಗಿ.

ಮತ್ತೊಂದು. ಗಣೇಶನ ಹಬ್ಬದ ರಸಮಂಜರಿಗಳಲ್ಲಿ ಬಾರಿಸಿ ನೀನು ನಾಲ್ಕು ಕಾಸು ದುಡಿದಿದ್ದೀ, ಅದು ತಪ್ಪಲ್ಲ. ಆದರೆ ಆರ್ಕೆಸ್ಟ್ರಾದ ಕೀಬೋರ್ಡಿನವನಿಗೆ ಒಂದು ಚಾಳಿ ಅಂಟುತ್ತದೆ: ಕೊಳಲು ಬೇಕಾದರೆ ಒಂದು ಬಟನ್, ಪಿಟೀಲು ಬೇಕಾದರೆ ಒಂದು ಬಟನ್, ಶಹನಾಯಿಗೆ ಇನ್ನೊಂದು. ಅಲ್ಲಿ ಅದು ಬೇಕು, ಜನ ಕ್ಯಾಸೆಟ್ಟಿನಲ್ಲಿ ಕೇಳಿದ್ದನ್ನೇ ಕೇಳಲು ಬಂದಿರುತ್ತಾರೆ. ಇಲ್ಲಿ ಬೇಡ. ಭಾನುವಾರ ಮೂರನೆಯ ಹಾಡಿನಲ್ಲಿ ನೀನು ಆರು ಸಲ ದನಿ ಬದಲಿಸಿದೆ, ನಾನು ಎಣಿಸಿದೆ. ಪಿಯಾನೊದ ಮೇಳ ಎಂದ ಮೇಲೆ ಪಿಯಾನೊ ಸಾಕು.

ನಾನು ಮಾಡಿದ ತಪ್ಪನ್ನೂ ಹೇಳಬೇಕು, ಇಲ್ಲದಿದ್ದರೆ ಈ ಮುದುಕ ಬರೀ ಉಪದೇಶ ಬಿಗಿಯುತ್ತಾನೆ ಅನ್ನುತ್ತೀ. ನಮ್ಮ ಕಂಪನಿಯ ನಾಯಕಿ ಕರಿ ನಾಲ್ಕರಲ್ಲಿ ಹಾಡುತ್ತಿದ್ದರು. ಆ ಎತ್ತರಕ್ಕೆ ಹೋಗಿ 'ಒನ್ಸ್ ಮೋರ್' ತೆಗೆದುಕೊಳ್ಳುವುದು ಅವರ ಹೆಸರು, ಜೊತೆಗೆ ನನ್ನ ಹೆಸರು ಕೂಡ. ಒಂದು ಮಳೆಗಾಲ ಅವರಿಗೆ ನೆಗಡಿ, ಗಂಟಲು ಕಟ್ಟಿತ್ತು. ರಂಗಕ್ಕೆ ಬರುವ ಮೊದಲು ಸೈಡ್ ವಿಂಗಿನಿಂದ ಎರಡು ಬೆರಳು ತೋರಿಸಿದರು, ಶ್ರುತಿ ಇಳಿಸು ಎಂದು. ನಾನು ನೋಡಿದೆ. ನೋಡಿಯೂ ನೋಡದವನಂತೆ ಕರಿ ನಾಲ್ಕನ್ನೇ ಹಿಡಿದೆ. ಅವತ್ತು ಮುಂದಿನ ಸಾಲಿನಲ್ಲಿ ಬೇರೊಂದು ದೊಡ್ಡ ಕಂಪನಿಯ ಮಾಲಿಕರು ಕೂತಿದ್ದರು, ನನ್ನ ಕೈಚಳಕ ಅವರು ನೋಡಲಿ ಎಂಬ ಆಸೆ. ಪಲ್ಲವಿ ಹೇಗೋ ದಾಟಿತು. ಎರಡನೇ ನುಡಿಯಲ್ಲಿ ಅವರ ದನಿ ಒಡೆಯಿತು. ಒಡೆದ ಕೂಡಲೇ ಆ ತಾಯಿ ಹಾಡು ಬಿಟ್ಟು, ಉಳಿದ ಸಾಲನ್ನೆಲ್ಲ ಮಾತಿನಂತೆ, ಅಳುವಿನಂತೆ ಹೇಳಿ ಮುಗಿಸಿದರು. ಜನ ಅದೇ ನಾಟಕದ ರೀತಿ ಎಂದುಕೊಂಡು ಚಪ್ಪಾಳೆ ಹೊಡೆದರು. ಒಳಗೆ ಬಂದ ಮೇಲೆ ನನಗೆ ಹೇಳಿದ್ದು ಒಂದೇ ಮಾತು: 'ಮಾಸ್ತರ್, ಪೇಟಿ ನಿಮ್ದು, ಗಂಟ್ಲು ನಂದು.' ಆಮೇಲೆ ಮೂರು ವರ್ಷ ಜೊತೆಗಿದ್ದೆವು, ಆ ವಿಷಯ ಮತ್ತೆ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ನಿನ್ನ ಯಂತ್ರದಲ್ಲಿ ಟ್ರಾನ್ಸ್‌ಪೋಸ್ ಎಂಬ ಬಟನ್ ಇದೆ. ಒಂದು ಸಲ ಒತ್ತಿದರೆ ಅರ್ಧ ಸ್ವರ ಇಳಿಯುತ್ತದೆ. ಶನಿವಾರ ಗಂಟಲು ಸರಿ ಇಲ್ಲದಿದ್ದರೆ ಆ ಬಟನ್ ಒತ್ತಲು ನಾಚಬೇಡ. ಒತ್ತುವ ಮೊದಲು ಬೇಸಿನವನಿಗೆ ಹೇಳು, ಇಲ್ಲವಾದರೆ ಅವನೊಬ್ಬ ಹಳೇ ಶ್ರುತಿಯಲ್ಲಿ ಉಳಿದುಹೋಗುತ್ತಾನೆ.

ನೀನು ಒಮ್ಮೆ ಕೇಳಿದೆ: 'ಅಜ್ಜ, ಪಿಯಾನೊ ನಮ್ದಲ್ಲ, ರಾಕ್ ನಮ್ದಲ್ಲ, ಇದನ್ನ ಕನ್ನಡದಾಗ ಮಾಡಿದ್ರೆ ನಗ್ತಾರಲ್ಲ?' ಅವತ್ತು ಉತ್ತರ ಕೊಡಲಿಲ್ಲ, ಈಗ ಕೊಡುತ್ತೇನೆ. ಹಾರ್ಮೋನಿಯಂ ನಮ್ಮದೇನು? 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೈನ್ ಎಂಬವನು ಅದಕ್ಕೆ ಪೇಟೆಂಟ್ ಪಡೆದ. ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತುವ ಹಾಗೆ ಅದನ್ನು ಬದಲಿಸಿದ್ದು ಕಲ್ಕತ್ತೆಯ ದ್ವಾರಕಾನಾಥ ಘೋಷ್, 1875ರ ಸುಮಾರಿಗೆ. ನಮ್ಮವರಲ್ಲೇ ದೊಡ್ಡವರು ಅದನ್ನು ಬಹಳ ದಿನ ಒಪ್ಪಲಿಲ್ಲ. ಗಮಕ ಬರುವುದಿಲ್ಲ, ಮೀಂಡ್ ಬರುವುದಿಲ್ಲ, ಸ್ವರಗಳ ಅಳತೆಯೇ ನಮ್ಮದಲ್ಲ ಎಂದರು. ಅವರು ಹೇಳಿದ್ದು ಸುಳ್ಳಲ್ಲ, ಇವತ್ತಿಗೂ ಅದು ನಿಜವೇ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮಿಗೆ ಬಾಗಿಲು ಹಾಕಿತು, 1971ರವರೆಗೂ ತೆರೆಯಲಿಲ್ಲ. ನಾನು ಕಂಪನಿ ಸೇರಿದಾಗ ನನ್ನ ವಾದ್ಯ ರೇಡಿಯೊದಲ್ಲಿ ನಿಷೇಧವಾಗಿದ್ದ ವಾದ್ಯ! ಆ ಮೂವತ್ತು ವರ್ಷ ಅದನ್ನು ಹೊಟ್ಟೆಗೆ ಹಾಕಿಕೊಂಡು ಸಾಕಿದ್ದು ಭಜನೆ ಮನೆಗಳು, ಮಠಗಳು, ಮತ್ತೆ ನಮ್ಮ ತಗಡಿನ ಥಿಯೇಟರುಗಳು. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥ ಪಂಡಿತರು ಅದೇ ಪೆಟ್ಟಿಗೆಯಲ್ಲಿ ರಾಗ ಹಾಡಿಸಿ ಬಾಯಿ ಮುಚ್ಚಿಸಿದರು.

ಕನ್ನಡದ ರಾಕ್ ಕೂಡ ನೀನು ಮೊದಲು ಮಾಡುತ್ತಿರುವುದಲ್ಲ, ಆ ಭ್ರಮೆ ಬೇಡ. ಮೈಸೂರಿನ ರಘು ದೀಕ್ಷಿತ್ ತನ್ನ ಮೊದಲ ಆಲ್ಬಂ ತಂದದ್ದು 2008ರಲ್ಲಿ. ಶಿಶುನಾಳ ಷರೀಫರ ಪದಗಳನ್ನು ಗಿಟಾರಿನ ಮೇಲೆ ಕೂರಿಸಿದ. ಷರೀಫರು ನಮ್ಮ ಪಕ್ಕದ ಹಾವೇರಿ ಜಿಲ್ಲೆಯವರು, ಅವರ ಪದ ಕೇಳುತ್ತಾ ಬೆಳೆದ ನಾನು ಮೊದಲು ಮೂಗು ಮುರಿದೆ. ಆಮೇಲೆ ನಿಮ್ಮಮ್ಮ ಸಾರು ಕುದಿಸುತ್ತಾ ಅದನ್ನೇ ಗುನುಗುತ್ತಿದ್ದಾಗ ಸುಮ್ಮನಾದೆ. ಸ್ವರಾತ್ಮ ಎಂಬ ಮೇಳದ ಹುಡುಗರು ಇನ್ನೂ ಬೇರೆ ದಾರಿ ಹಿಡಿದರು. ಇವರೆಲ್ಲ ಸಣ್ಣ ಸಣ್ಣ ಜಾಗಗಳಲ್ಲಿ ಬಾರಿಸಿಯೇ ಮೇಲೆ ಬಂದವರು. ನೀನು ಅವರ ಹಾಡು ಕಲಿಯಬೇಡ, ಅವರು ಪದವನ್ನು ಎಷ್ಟು ಬಿಡಿಸಿ ಉಚ್ಚರಿಸುತ್ತಾರೆ ಅದನ್ನು ನೋಡು. ನಿನ್ನ ಬಾಯಲ್ಲಿ ಕನ್ನಡ ಯಾಕೋ ಇಂಗ್ಲಿಷಿನ ಪ್ಯಾಂಟು ಹಾಕಿಕೊಂಡು ಬರುತ್ತದೆ. 'ಹೊಳೆ' ಅನ್ನುವಾಗ ಳಕಾರ ಎಲ್ಲಿ ಹೋಯಿತು? ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿದವನು 'ಹೊಲೆ' ಅಂದರೆ ಹರಿಹರದಲ್ಲಿ ನಾನು ತಲೆ ಎತ್ತಿ ತಿರುಗಲಾರೆ.

ಕ್ಲಬ್ಬುಗಳ ವಿಷಯ ನನಗಿಂತ ನಿನಗೆ ಹೆಚ್ಚು ಗೊತ್ತು. ಆದರೂ ಒಂದೆರಡು ವಿಚಾರ ಕೇಳಿ ತಿಳಿದುಕೊಂಡಿದ್ದೇನೆ. ಬೆಂಗಳೂರಿನ ಇಂದಿರಾನಗರದಲ್ಲಿ ಹಮ್ಮಿಂಗ್ ಟ್ರೀ ಎಂಬ ಜಾಗ 2013ರಲ್ಲಿ ತೆರೆಯಿತು, ಹೊಸ ಹುಡುಗರು ಸ್ವಂತ ಹಾಡು ಬಾರಿಸಲು ಅಲ್ಲಿ ಸಾಲು ನಿಂತಿದ್ದರು, 2019ರಲ್ಲಿ ಮುಚ್ಚಿತು. ನಾಟಕ ಕಂಪನಿಯ ಕ್ಯಾಂಪಿನ ಹಾಗೆಯೇ ಇವು ಕೂಡ. ಕಂಬ ನೆಟ್ಟ ದಿವಸವೇ ಕೀಳುವ ದಿವಸವೂ ಇದ್ದೇ ಇರುತ್ತದೆ, ಜಾಗದ ಮೇಲೆ ಮೋಹ ಇಟ್ಟುಕೊಳ್ಳಬೇಡ. ಇನ್ನೊಂದು, ಲೈಸೆನ್ಸು. ಬೆಂಗಳೂರಿನಲ್ಲಿ 2005ರ ಒಂದು ಪೊಲೀಸ್ ಆದೇಶ ಇದೆ, ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪರವಾನಗಿ ಬೇಕೆಂದು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಎಷ್ಟೋ ಪಬ್ಬುಗಳಲ್ಲಿ ಹಾಡು ಬಂದ್ ಆಯಿತು, ಗಿಟಾರ್ ಹಿಡಿದ ಹುಡುಗರು ತಿಂಗಳುಗಟ್ಟಲೆ ಖಾಲಿ ಕೂತರು. 'ಲೈವ್ ಬ್ಯಾಂಡ್' ಎಂಬ ಮಾತಿಗೆ ಬೆಂಗಳೂರಿನಲ್ಲಿ ಬೇರೆಯೇ ಅರ್ಥ ಅಂಟಿರುವುದು ಇದಕ್ಕೆ ಅರ್ಧ ಕಾರಣ. 'ಅಜ್ಜೀ, ಶನಿವಾರ ಲೈವ್ ಬ್ಯಾಂಡ್ ಇದೆ' ಎಂದು ನೀನು ಹೇಳಿದಾಗ ಅವಳು ದೇವರ ಮುಂದೆ ದೀಪ ಹಚ್ಚಿ ಅತ್ತದ್ದು ಸುಮ್ಮನೆ ಅಲ್ಲ. ನಾನು ಬಿಡಿಸಿ ಹೇಳಿದ್ದೇನೆ, ಈಗ ಸಮಾಧಾನವಾಗಿದ್ದಾಳೆ. ಮುಂದೆ ಅವಳಿಗೆ 'ಕಚೇರಿ' ಅನ್ನು.

ದುಡ್ಡು. ಎಷ್ಟು ಕೊಡುತ್ತಾರೆ ಎಂದು ಕೇಳಿದ್ದಕ್ಕೆ 'ಗೇಟ್ ಕಲೆಕ್ಷನ್‌ನಲ್ಲಿ ಪಾಲು' ಎಂದೆ. ಯಾವ ಗೇಟು, ಯಾರು ಎಣಿಸುವವರು, ಪಾಲು ಖರ್ಚು ಕಳೆದೋ ಕಳೆಯದೆಯೋ, ಇಷ್ಟನ್ನು ಹೋಗುವ ಮೊದಲೇ ವಾಟ್ಸ್‌ಆ್ಯಪಿನಲ್ಲಾದರೂ ಬರೆಸಿಕೋ. ನಾನು ಒಂದು ಕಂಪನಿಯಲ್ಲಿದ್ದಾಗ, ಹೆಸರು ಬೇಡ, ಮಳೆ ಹಿಡಿದು ಕ್ಯಾಂಪು ಮುಳುಗಿತು. ಮೂರು ತಿಂಗಳ ಸಂಬಳ 'ಮುಂದಿನ ಊರಲ್ಲಿ ಕೊಡೋಣ' ಎಂದರು. ಮುಂದಿನ ಊರು ಬರಲೇ ಇಲ್ಲ. ಬಾಯಿಮಾತಿನಲ್ಲಿದ್ದ ಲೆಕ್ಕ ಬಾಯಲ್ಲೇ ಉಳಿಯಿತು. ಹಾಗಾಗಿಯೇ ನಾನು ಹರಿಹರಕ್ಕೆ ಬಂದು ಹಗಲು ಲೇತ್ ಹಿಡಿದದ್ದು, ರಾತ್ರಿ ಸುತ್ತಲಿನ ಹಳ್ಳಿಗಳಲ್ಲಿ ನಾಟಕ ಕಲಿಸಿದ್ದು. ಹಗಲಿನ ಕೆಲಸಕ್ಕೆ ನಾಚಿಕೆಪಡಬೇಡ, ನೀನು ಓದುತ್ತಿರುವ ಇಂಜಿನಿಯರಿಂಗನ್ನೂ ಬಿಡಬೇಡ. ಅರ ಹಿಡಿಯುವ ಹದ ಕಾರ್ಖಾನೆ ಕಲಿಸಿದ್ದರಿಂದಲೇ ಹಾರ್ಮೋನಿಯಂ ರೀಡು ಕೆರೆ‍ದು ಶ್ರುತಿ ಮಾಡಲು ನನಗೆ ಬಂತು. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೂದಲೆಳೆ ಹೆಚ್ಚಾದರೆ ರೀಡೇ ಹೋಯಿತು. ಲೇತ್ ಮುಂದೆ ನಿಂತವನ ಬೆರಳಿಗೆ ಆ ಕೂದಲೆಳೆ ಗೊತ್ತಿರುತ್ತದೆ.

ಹಾಡು ನಿನ್ನದೇ ಎನ್ನುವುದಕ್ಕೂ ಕಾಗದ ಇರಲಿ. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿ ವಸೂಲು ಮಾಡಿಕೊಡುವ ಐಪಿಆರ್‌ಎಸ್ ಎಂಬ ಸಂಘ 1969ರಿಂದ ಇದೆ. 2012ರಲ್ಲಿ ಕಾಯ್ದೆ ತಿದ್ದಿದ ಮೇಲಂತೂ, ಸಿನಿಮಾದವರೋ ರೆಕಾರ್ಡಿನವರೋ ಹಾಡು ಕೊಂಡರೂ ಬರೆದವನ ರಾಯಲ್ಟಿ ಪಾಲನ್ನು ಬರೆಸಿಕೊಂಡು ಬಿಡಿಸಲು ಬರುವುದಿಲ್ಲ. ನಮ್ಮ ಕಾಲದಲ್ಲಿ ರಂಗಗೀತೆಗೆ ರಾಗ ಹಾಕಿದ ಮಾಸ್ತರನ ಹೆಸರು ಹ್ಯಾಂಡ್‌ಬಿಲ್ಲಿನಲ್ಲೂ ಇರುತ್ತಿರಲಿಲ್ಲ. ನಾನು ರಾಗ ಹಾಕಿದ ಎರಡು ಹಾಡು ಈಗಲೂ ಹಳ್ಳಿ ನಾಟಕಗಳಲ್ಲಿ ಕೇಳುತ್ತವೆ. ಯಾರದೆಂದು ಕೇಳಿದರೆ 'ಹಳೇದು' ಅನ್ನುತ್ತಾರೆ.

ಬಾರಿಸುವಾಗ ಜನ ಮಾತಾಡುತ್ತಾರೆ. ತಟ್ಟೆ ಸದ್ದು, ನಗು, ಯಾರದೋ ಹುಟ್ಟುಹಬ್ಬ. ಟೆಂಟಿನಲ್ಲೂ ಸೋಡಾ ಬಾಟಲಿ ಗೋಲಿ ಒಡೆಯುವ ಸದ್ದು ಸೀತೆಯ ಅಳುವಿನ ನಡುವೆಯೇ ಬರುತ್ತಿತ್ತು. ಆಗ ದನಿ ಏರಿಸಬೇಡ, ಅವರೂ ಏರಿಸುತ್ತಾರೆ. ಡ್ರಮ್ಸಿನವನಿಗೆ ಕಣ್ಣು ಹೊಡೆದು ನಿಲ್ಲಿಸು, ಬೇಸ್ ನಿಲ್ಲಿಸು, ಬಲಗೈಯ ಎರಡು ಬೆರಳಲ್ಲಿ ಮಾತ್ರ ಬಾರಿಸು. ಹತ್ತರಲ್ಲಿ ನಾಲ್ಕು ಸಲ ಕೋಣೆ ತಾನಾಗಿ ತಣ್ಣಗಾಗುತ್ತದೆ. ಉಳಿದ ಆರು ಸಲ ಅದೇ ನಿಶ್ಶಬ್ದದಲ್ಲಿ ಯಾರೋ 'ಬಿಲ್ ತನ್ನಿ' ಅನ್ನುತ್ತಾರೆ, ಎಲ್ಲರೂ ನಗುತ್ತಾರೆ. ನೀನೂ ನಕ್ಕು ಮುಂದಿನ ಹಾಡಿಗೆ ಹೋಗು.

ಕಣ್ಣು ಹೊಡೆಯಬೇಕಾದರೆ ಕಣ್ಣಿಗೆ ಕಾಣಬೇಕಲ್ಲ. ನೀನು ಕೀಬೋರ್ಡನ್ನು ಜನಕ್ಕೆ ನೇರ ಇಟ್ಟುಕೊಂಡು ಡ್ರಮ್ಸಿನವನಿಗೆ ಬೆನ್ನು ಹಾಕುತ್ತೀ. ಅಡ್ಡ ತಿರುಗಿಸಿಕೋ. ಪಿಟ್ಟಿನಲ್ಲಿ ನನ್ನ ಬೆನ್ನು ಜನಕ್ಕೆ, ಮುಖ ರಂಗಕ್ಕೆ. ಇಪ್ಪತ್ತು ವರ್ಷ ಸಾವಿರಾರು ಜನ ನನ್ನ ಬೋಳು ನೆತ್ತಿ ನೋಡಿದ್ದಾರೆ, ಮುಖ ನೋಡಿದವರಿಲ್ಲ. ನಟಿಯ ಭುಜ ಎಷ್ಟು ಏರಿತು ಎಂಬುದರ ಮೇಲೆ ಅವಳು ಮುಂದಿನ ಸಾಲು ಉದ್ದ ಎಳೆಯುತ್ತಾಳೋ ಕಡಿಯುತ್ತಾಳೋ ನನಗೆ ಗೊತ್ತಾಗುತ್ತಿತ್ತು.

ವೈರುಗಳನ್ನು ಎರಡೆರಡು ಇಟ್ಟುಕೋ, ಎಕ್ಸ್‌ಟೆನ್ಶನ್ ಬೋರ್ಡ್ ನಿನ್ನದೇ ಇರಲಿ. ದಾವಣಗೆರೆಯಿಂದ ಬೆಂಗಳೂರು 260 ಕಿಲೋಮೀಟರ್, ಮರೆತದ್ದನ್ನು ತರಲು ಯಾರೂ ಬರುವುದಿಲ್ಲ. ಕೀಬೋರ್ಡನ್ನು ಸೀಟಿನ ಕೆಳಗೆ ತುರುಕಬೇಡ, ಮಲಗಿಸಿ ಮೇಲೆ ಹಾಕು, ಅದರ ಪಕ್ಕ ನೀನು ಮಲಗು.

ಇನ್ನು ನಿನ್ನ ಪೆಡಲ್. ಭಾನುವಾರದಿಂದ ಹುಡುಕುತ್ತಿದ್ದೀಯಂತೆ, ಗೋದಾಮಿನ ಚೀಲಗಳನ್ನೆಲ್ಲ ಎತ್ತಿ ನೋಡಿಸಿದೆಯಂತೆ, ಪಾಪ ಆ ಡ್ರಮ್ಸಿನ ಹುಡುಗನ ಮೇಲೆ ಕೂಗಾಡಿದೆಯಂತೆ. ಅವನ ಹತ್ತಿರ ಕ್ಷಮೆ ಕೇಳು. ನೀವು ಮೂವರೂ ಕೈ ತೊಳೆಯಲು ಹೋದಾಗ ನಾನೇ ಕಳಚಿ ನನ್ನ ಚೀಲಕ್ಕೆ ಹಾಕಿಕೊಂಡೆ, ನನ್ನ ಮಂಚದ ಕೆಳಗಿದೆ. ಶುಕ್ರವಾರದವರೆಗೆ ಅದಿಲ್ಲದೆ ಎಂಟೂ ಹಾಡು ಬಾರಿಸಿಕೊಂಡು ಬಾ. ನೀವು ಹರಿಹರದಿಂದಲೇ ರೈಲು ಹತ್ತಿ, ಇಲ್ಲಿ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪ್ಲಾಟ್‌ಫಾರಂ ಮೇಲೆ ಪೆಡಲ್ ಹಿಡಿದುಕೊಂಡು ನಿಂತಿರುತ್ತೇನೆ. ಬೇಕು ಅಂದರೆ ತಗೊಂಡು ಹೋಗು.